ವಿಟ್‌ಬೆಕ್‌ನ ಹನ್ನೊಂದನೆಯ ಆಳು

ಬ್ರಿಜಿಟ್ ಮಲ್ಕಾಹಿಯ ಎರಡೂ ಕೈಯಲ್ಲಿ ಬಿಸಿ ಪಾತ್ರೆ ಇತ್ತು. ಹಾಗಾಗಿ ಚರ್ಚಿನ ಅಡುಗೆಮನೆಯ ಹಿಂಬಾಗಿಲನ್ನು ಸೊಂಟದಿಂದ ನೂಕಿದಳು. ಬಾಗಿಲು ಅರ್ಧ ತೆರೆದು ಗಕ್ಕನೆ ನಿಂತಿತು. ಒಳಗಿನಿಂದ ಯಾರೋ ಕಾಲು ಅಡ್ಡ ಇಟ್ಟಿದ್ದರು.

"ಯಾರದು?"

"ನಾನು, ಬ್ರಿಜಿಟ್. ಕಾಲು ತೆಗೀರಿ ಆರ್ಡಿಸ್, ಕೈ ಸುಡ್ತಾ ಇದೆ."

ಆರ್ಡಿಸ್ ಕಾಲು ತೆಗೆಯಲಿಲ್ಲ. ವಿಟ್‌ಬೆಕ್ ಊರಿನ ಲೂಥರನ್ ಚರ್ಚಿನ ಅಡುಗೆಮನೆಯನ್ನು ಆಳಿಕೊಂಡು ಬಂದ ಮುದುಕಿ ಅವಳು. ಪಾದ್ರಿಗಳು ಬಂದರು ಹೋದರು, ಅವಳ ಸೌಟು ಮಾತ್ರ ಅಲ್ಲೇ ಇತ್ತು. ಬ್ರಿಜಿಟಳ ಕೊರಳಿನ ಹಸಿರು ಮಫ್ಲರನ್ನು, ಅವಳ ಹಿಂದೆ ಸಾಲಾಗಿ ಪಾತ್ರೆ ಹೊತ್ತು ನಿಂತ ನಾಲ್ಕು ಹಸಿರು ಮಫ್ಲರುಗಳನ್ನು ನೋಡಿದಳು. ನದಿಯಾಚೆಯ ಸೇಂಟ್ ವೆಂಡೆಲ್‌ನವರು. ಕ್ಯಾಥೊಲಿಕ್ಕರು ಬೇರೆ.

"ಇದು ಸಾವಿನ ಊಟ ಕಣೆ. ನಮ್ಮ ಚರ್ಚಿನ ಹೆಂಗಸರು ಎಲ್ಲ ಮಾಡಿಟ್ಟಿದ್ದೀವಿ. ನಿಮ್ಮ ಗಂಜಿ ಯಾರು ಕೇಳಿದ್ರು?"

"ಗಂಜಿ ಅಲ್ಲ, ಹುರುಳಿಕಾಯಿ ಬೀಜದ ಸಾರು. ಹಂದಿ ಮೂಳೆ ಹಾಕಿದ್ದೀವಿ. ಹೋದ ವರ್ಷ ಸೋತವರು ನಾವು. ಸೋತವರು ಮುಂದಿನ ವರ್ಷ ಗೆದ್ದವರಿಗೆ ಬಡಿಸಬೇಕು. ಈ ಕಟ್ಟಳೆ ಏನು ನಾನು ಮಾಡಿದ್ದಾ?"

"ಅದು ಆಟದ ದಿನದ ಮಾತು."

"ಇವತ್ತು ಯಾವ ದಿನ ಹೇಳಿ?"

ನವೆಂಬರಿನ ಕೊಯ್ಲಿನ ಹಬ್ಬಕ್ಕೆ ಮುಂಚಿನ ಶನಿವಾರ. ನೂರು ವರ್ಷಕ್ಕೂ ಮೇಲಿಂದ ಆ ಶನಿವಾರ ವಿಟ್‌ಬೆಕ್‌ಗೂ ವೆಂಡೆಲ್‌ಗೂ ಫುಟ್‌ಬಾಲ್ ನಡೆದಿದೆ, ಚೆಂಡು ಕೈಯಲ್ಲಿ ಅವಚಿಕೊಂಡು ಓಡುವ ಅಮೆರಿಕದ ಫುಟ್‌ಬಾಲ್. ಆ ದಿನ ಈ ಎರಡು ಊರಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಹೆರಿಗೆಯಾದರೆ ಆಗಲಿ, ಅದು ಯಾರ ಕೈಯಲ್ಲೂ ಇಲ್ಲ. ಹೊಸ ಪಾದ್ರಿಗೆ ಇದೆಲ್ಲ ಗೊತ್ತಿರಲಿಲ್ಲ. "ಶನಿವಾರವೇ ಮಣ್ಣು ಮಾಡೋಣ" ಎಂದು ಲವೋನ್ ಟೀಡೆಮನ್ ಅಂದಾಗ ಅವನು ಹೂಂ ಅಂದಿದ್ದ. ಗಂಡನನ್ನು ಕಳೆದುಕೊಂಡವಳನ್ನು ಯಾಕೆ ಏನು ಅಂತ ಕೇಳುವುದುಂಟೆ?

ಅಷ್ಟರಲ್ಲಿ ಲವೋನಳೇ ಬಂದಳು. ಕಪ್ಪು ಉಡುಪು, ಕೈಯಲ್ಲಿ ಕೋಲು. ಆರ್ಡಿಸಳನ್ನು ಪಕ್ಕಕ್ಕೆ ಸರಿಸಿ, ಬ್ರಿಜಿಟಳ ಪಾತ್ರೆಯ ಮುಚ್ಚಳ ತೆಗೆದು, ಚಮಚದಲ್ಲಿ ಒಂದು ತೊಟ್ಟು ಬಾಯಿಗೆ ಹಾಕಿಕೊಂಡಳು.

"ಉಪ್ಪು ಕಡಿಮೆ."

"ಕಣ್ಣೀರು ಹಾಕಿದ್ವಿ, ಸಾಲಲಿಲ್ಲ ಅಂತ ಕಾಣುತ್ತೆ," ಎಂದಳು ಬ್ರಿಜಿಟ್.

"ಒಲೆ ಮೇಲಿಡು. ಮಣ್ಣು ಮಾಡಿ ಬಂದು ಉಣ್ಣೋಣ. ಎರಡು ಗಂಟೆಗೆ ಆಟ."

"ಯಾವ ಆಟ?"

ಊಟದ ಕೋಣೆಯ ಬಾಗಿಲಲ್ಲಿ ಅವಳ ಮಗ ಕರ್ಟ್ ನಿಂತಿದ್ದ. ಐವತ್ತಕ್ಕೆ ಹತ್ತಿರದ ಆಳು, ಅಪ್ಪನ ಹಾಗೇ ಅಗಲ ಹೆಗಲು, ಅಪ್ಪನಿಗೆ ಎಂದೂ ಇಲ್ಲದಿದ್ದ ಒಳ್ಳೆಯ ಸೂಟು.

"ಇರೋದು ಒಂದೇ ಆಟ," ಎಂದಳು ಲವೋನ್.

"ಅಮ್ಮಾ, ಅಪ್ಪನ್ನ ಹೂತ ದಿನಾನೇ? ಜನ ಏನಂತಾರೆ?"

"ಯಾವ ಜನ? ಜನ ಎಲ್ಲ ಇಲ್ಲೇ ಪಾತ್ರೆ ಹಿಡ್ಕೊಂಡು ನಿಂತಿದ್ದಾರಲ್ಲೋ."

*

ಮೊದಲೆಲ್ಲ ಆ ಶನಿವಾರ ಆಡುತ್ತಿದ್ದುದು ಎರಡೂ ಊರಿನ ಕಾಲೇಜು ತಂಡಗಳು. ಒಂಬತ್ತು ವರ್ಷದ ಹಿಂದೆ ವಿಟ್‌ಬೆಕ್ ಕಾಲೇಜು ದೊಡ್ಡ ಲೀಗಿಗೆ ಹಾರಿತು. ಕಾಲೇಜು ಅಂದಮೇಲೆ ಒಂದು ಲೀಗಿನಲ್ಲಿ ಇರಬೇಕು. ಯಾರ ಜೊತೆ ಯಾವ ಶನಿವಾರ ಆಡಬೇಕು ಅನ್ನುವುದನ್ನು ಲೀಗಿನವರು ಬರೆಯುತ್ತಾರೆ. ಹಳೆಯ ಲೀಗು ನದಿಯ ಆಚೀಚೆ ಮುಗಿಯುತ್ತಿತ್ತು. ಹೊಸದು ಆರು ರಾಜ್ಯಕ್ಕೆ ಹರಡಿತ್ತು. ಟಿ.ವಿ.ಯಲ್ಲಿ ಬರುತ್ತದಂತೆ. ಹೆಸರೂ ಕೇಳದ ಊರುಗಳಿಗೆ ವಿಮಾನ ಹತ್ತಿ ಹೋಗಿ, ಯಾರೆಂದು ಗೊತ್ತಿಲ್ಲದವರ ಹತ್ತಿರ ಸೋತು ಬರುವುದಕ್ಕೆ ಶನಿವಾರಗಳೆಲ್ಲ ತುಂಬಿಹೋದವು. ಸೇತುವೆ ದಾಟಿದರೆ ಸಿಗುವ ವೆಂಡೆಲ್‌ಗೆ ಒಂದು ಶನಿವಾರ ಉಳಿಯಲಿಲ್ಲ.

ಕಾಲೇಜಿನವರು ಊರವರನ್ನು ಸಭಾಂಗಣದಲ್ಲಿ ಕೂಡಿಸಿ ಪರದೆಯ ಮೇಲೆ ಚಿತ್ರ ತೋರಿಸಿದರು. ವೇದಿಕೆಯ ಮೇಲೆ ಕೂತವರಲ್ಲಿ ಕರ್ಟನೂ ಒಬ್ಬ. ಕಾಲೇಜಿನ ಆಟದ ಕಚೇರಿಯಲ್ಲಿ ಅವನಿಗೆ ಕೆಲಸ. ಇದು ಊರಿಗೆ ಒಳ್ಳೆಯದು ಎಂದು ಅವನು ಪತ್ರಿಕೆಗೂ ಹೇಳಿದ್ದ. ನಂಬಿಯೇ ಹೇಳಿದ್ದ.

ಹಿಂದಿನ ಸಾಲಿನಲ್ಲಿ ಅವನ ಅಪ್ಪ ಆರ್ಲೊ ಟೀಡೆಮನ್ ಎದ್ದುನಿಂತ. ಗ್ಯಾಸ್ ಕಂಪನಿಯ ಜಾಕೆಟ್ಟು. ಹಳ್ಳಿಮನೆಗಳಿಗೆ ಟ್ಯಾಂಕರಿನಲ್ಲಿ ಗ್ಯಾಸು ತುಂಬಿಕೊಡುವುದೇ ಅವನ ಜೀವಮಾನದ ಕೆಲಸ.

"ಒಂದೇ ಪ್ರಶ್ನೆ. ವೆಂಡೆಲ್‌ನವರು ಊರು ಬಿಟ್ಟು ಎಲ್ಲಿಗಾದ್ರೂ ಹೋದ್ರಾ?"

"ಇಲ್ಲ, ಅವರು ಅಲ್ಲೇ..." ಎಂದ ವೇದಿಕೆಯ ಮೇಲೆ ಮೈಕು ಹಿಡಿದಿದ್ದವನು.

"ಸೇತುವೆ ಬಿತ್ತಾ?"

"ಇಲ್ಲ ಟೀಡೆಮನ್."

"ನದಿ ಏನಾದ್ರೂ ಅಗಲ ಆಯ್ತಾ?"

ಜನ ನಕ್ಕರು. ಮೈಕಿನವನೂ ನಕ್ಕ. "ಸಂಪ್ರದಾಯಗಳ ಬಗ್ಗೆ ನಮಗೆ ತುಂಬಾ ಗೌರವ ಇದೆ. ಆದರೆ ಕ್ಯಾಲೆಂಡರಲ್ಲಿ ಜಾಗ ಇಲ್ಲ," ಎಂದ.

ಗೌರವ! ಹೆಣಕ್ಕೆ ಹೂ ಹಾಕುವುದಕ್ಕೂ ಗೌರವ ಅನ್ನುತ್ತಾರೆ. ಆರ್ಲೊ ವೇದಿಕೆಯ ಕಡೆ ನೋಡಿದ. ಕರ್ಟ್ ಮುಂದಿದ್ದ ಹಾಳೆ ನೋಡುತ್ತಿದ್ದ. ಆರ್ಲೊ ಕೂತ. ಆಮೇಲೆ ಮಗನ ಜೊತೆ ಅವನು ಮಳೆ, ಕಾರಿನ ಟೈರು, ಮೊಮ್ಮಗಳ ಹಲ್ಲು, ಎಲ್ಲ ಮಾತಾಡಿದ. ಫುಟ್‌ಬಾಲ್ ಒಂದನ್ನು ಬಿಟ್ಟು.

ಮರುದಿನ ಟ್ಯಾಂಕರು ಸೇತುವೆ ದಾಟಿ ಜೀನ್ ಮಲ್ಕಾಹಿಯ ಅಂಗಳದಲ್ಲಿ ನಿಂತಿತು. ಬ್ರಿಜಿಟಳ ಅಪ್ಪ ಈ ಜೀನ್. ಏಣಿ ಹತ್ತಿ ಸೂರಿನ ಮಳೆನೀರಿನ ದೋಣಿಯಿಂದ ಎಲೆ ತೆಗೆಯುತ್ತಿದ್ದ.

"ಓಡಿಹೋದ್ರಂತಲ್ಲೋ ನಿಮ್ಮವರು!" ಎಂದ ಮೇಲಿನಿಂದಲೇ.

"ಓಡಿದ್ದು ಕಾಲೇಜು. ನಾನಿಲ್ಲೇ ಇದ್ದೀನಿ. ಹನ್ನೊಂದು ಜನ ಕೂಡಿಸ್ತೀಯಾ?"

"ಎಲ್ಲಿಗೆ?"

"ನಮ್ಮ ಮನೆ ಹಿಂದೆ ದನ ಮೇಯೋ ಬಯಲಿಗೆ."

"ಅಲ್ಲಿ ಹುಲ್ಲು ಹಸಿರಾಗಿರುತ್ತಲ್ಲೋ, ನಿನಗೆ ಮೈ ಉರಿಯಲ್ವಾ?"

ಈ ಕುಹಕಕ್ಕೆ ಕಾರಣವಿತ್ತು. ಹಸಿರು ವೆಂಡೆಲ್‌ನ ಬಣ್ಣ ಅಂತ ಆರ್ಲೊ ಬಟಾಣಿ ತಿನ್ನುತ್ತಿರಲಿಲ್ಲ. ಸುತ್ತಮುತ್ತಲ ರೈತರೆಲ್ಲ ಹಸಿರು ಟ್ರಾಕ್ಟರು ಓಡಿಸುವಾಗ ಹುಡುಕಿ ಹುಡುಕಿ ವಿಟ್‌ಬೆಕ್‌ನ ಕೆಂಪು ಬಣ್ಣದ ಮುರುಕಲು ತಂದವನು ಅವನು.

"ನವೆಂಬರಿಗೆ ಸತ್ತಿರುತ್ತೆ ಬಿಡು," ಎಂದ ಆರ್ಲೊ. "ನಿಮ್ಮ ತಂಡದ ಹಾಗೆ."

ಜೀನ್ ಏಣಿ ಇಳಿದುಬಂದ. ಇಬ್ಬರೂ ಹುಡುಗರಾಗಿದ್ದಾಗ ಒಮ್ಮೆ ಎದುರುಬದುರು ನಿಂತು ಆಡಿದ್ದರು. ಜೀನ್ ನಾಲ್ಕು ವರ್ಷ ವೆಂಡೆಲ್‌ನ ಕಂಬವಾಗಿದ್ದವನು. ಆರ್ಲೊ ಮೂರು ವರ್ಷ ಬೆಂಚು ಕಾಯಿಸಿದವನು. ಮುಂದಿನ ಸಾಲಿನ ಒಬ್ಬ ಬೆರಳು ಮುರಿದುಕೊಂಡಿದ್ದರಿಂದ ಇವನಿಗೆ ಜೀವಮಾನದಲ್ಲಿ ಒಂದೇ ಒಂದು ಆಟ ಸಿಕ್ಕಿತು. ಆ ಆಟ ಇದು. ಚೆಂಡು ಅವನ ಕೈಗೆ ಬರಲೇ ಇಲ್ಲ. ಮುಂದಿನ ಸಾಲಿನವರಿಗೆ ಚೆಂಡು ಸಿಗುವುದಿಲ್ಲ. ಎದುರಿಗಿರುವವನನ್ನು ತಡೆದು ನಿಲ್ಲಿಸುವುದು, ಹಿಂದಿನವನು ಚೆಂಡು ಹಿಡಿದು ಓಡಲಿ ಅಂತ. ಅಷ್ಟೇ ಅವನ ಕೆಲಸ. ಮಧ್ಯಾಹ್ನ ಪೂರ್ತಿ ಅವನು ಜೀನ್ ಮಲ್ಕಾಹಿಯನ್ನು ತಡೆದಿದ್ದ. ತನ್ನ ಮೂಗು ಒಡೆದಿತ್ತು. ಅದರ ಮೇಲೇ ಒಂದು ಆಯುಸ್ಸು ತಲೆ ಎತ್ತಿ ಬದುಕಿದ.

*

ಚರ್ಚಿನಲ್ಲಿ ಯಾರೂ ಹೇಳದಿದ್ದರೂ ವಿಟ್‌ಬೆಕ್‌ನವರು ಬಲಕ್ಕೆ, ವೆಂಡೆಲ್‌ನವರು ಎಡಕ್ಕೆ ಕೂತರು. ಮೈದಾನದಲ್ಲಿ ಕೂರುವ ಅಭ್ಯಾಸ. ಬಲಗಡೆ ಸಾಲುಗಳು ತೆಳ್ಳಗಿದ್ದವು. ಕಾಲೇಜಿನ ತಂಡ ಅವತ್ತೂ ದೂರದ ಯಾವುದೋ ರಾಜ್ಯದಲ್ಲಿ ಆಡುತ್ತಿತ್ತು; ಊರಿನ ಗಟ್ಟಿಮುಟ್ಟಾದವರು ಬಸ್ಸು ಮಾಡಿಕೊಂಡು ಅಲ್ಲಿಗೆ ಹೋಗಿದ್ದರು. ಆರ್ಲೊ ಅವರ ಮನೆಗೆ ಚಳಿಗಾಲದಲ್ಲಿ ಗ್ಯಾಸು ಹೊತ್ತವನು. ಹೂವು ಕಳಿಸಿದ್ದರು, ಪುಣ್ಯಕ್ಕೆ.

ಹೊಸ ಪಾದ್ರಿ ಚೆನ್ನಾಗಿಯೇ ಮಾತಾಡಿದ. ಹಿಮ ಬಿದ್ದು ದಾರಿ ಮುಚ್ಚಿದಾಗ ಆರ್ಲೊ ಒಂಟಿ ಹೆಂಗಸರ ಮನೆಗೆ ಮೊದಲು ಗ್ಯಾಸು ಮುಟ್ಟಿಸುತ್ತಿದ್ದುದು, ಒಲೆ ಹತ್ತಿದ್ದು ಕಣ್ಣಾರೆ ನೋಡಿಯೇ ಹೊರಡುತ್ತಿದ್ದುದು, ಎಲ್ಲ ಹೇಳಿದ. ಎರಡೂ ಕಡೆ ಮೂಗು ಒರೆಸಿಕೊಂಡರು. ಆಮೇಲೆ ಅವನು ಕೈ ಮೇಲೆತ್ತಿದ.

"ಈ ಮನುಷ್ಯ ಎಲ್ಲಕ್ಕಿಂತ ಹೆಚ್ಚಾಗಿ ವಿಟ್‌ಬೆಕ್‌ನ ಹೆಮ್ಮೆಯ ಮಗ!"

"ಊಊಊ..." ಎಂದಿತು ಎಡಗಡೆ.

ಬೇಕೆಂದು ಮಾಡಿದ್ದಲ್ಲ. ವಿಟ್‌ಬೆಕ್ ಅಂತ ಯಾರಾದರೂ ಜೋರಾಗಿ ಕೂಗಿದರೆ ಊಳಿಡುವುದು ವೆಂಡೆಲ್‌ನವರಿಗೆ ತೊಟ್ಟಿಲಿನಿಂದ ಬಂದದ್ದು. ಅರ್ಧ ಚರ್ಚು ಊಳಿಟ್ಟ ಮೇಲೆ ಅವರಿಗೇ ಎಚ್ಚರವಾಗಿ ಉಸಿರು ನಿಂತಿತು. ಬ್ರಿಜಿಟ್ ಮುಖ ಮುಚ್ಚಿಕೊಂಡಳು. ಪಾದ್ರಿಯ ಕೈ ಮೇಲೆತ್ತಿದ್ದು ಹಾಗೇ ಉಳಿಯಿತು.

ಮೊದಲ ಸಾಲಿನಲ್ಲಿ ಲವೋನಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆ ಅಂತ ಕರ್ಟ್ ತೋಳು ಹಿಡಿದ. ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಕೇಳಿಸ್ತೇನೋ ಆರ್ಲೊ?" ಎಂದಳು ಪೆಟ್ಟಿಗೆಯ ಕಡೆಗೆ. "ಇನ್ನೂ ಉರೀತಿದೆ ಅವರಿಗೆ."

ಆಗ ಎಡ, ಬಲ, ಇಡೀ ಚರ್ಚು ನಕ್ಕಿತು. ಕರ್ಟ್ ಒಬ್ಬ ನಗಲಿಲ್ಲ. ಅವನ ಮುಖ ಕೆಂಪಗಾಗಿತ್ತು.

*

ಸೋಂಕಿನ ವರ್ಷ ಜನ ಸೇರಬಾರದು ಅಂತ ಆಜ್ಞೆಯಾಯಿತು. ಕಾಲೇಜುಗಳು ಬಾಗಿಲು ಹಾಕಿದವು. ಈ ಸಲಕ್ಕೆ ಆಟ ತಪ್ಪಿತು, ಯಾರನ್ನೂ ದೂರುವ ಹಾಗಿಲ್ಲ ಎಂದುಕೊಂಡಿತು ಊರು.

ಶನಿವಾರ ಎರಡು ಗಂಟೆಗೆ ಜೀನ್ ಒಬ್ಬನೇ ಕಾರಿನಲ್ಲಿ ಬಂದ. ಮುಖಕ್ಕೆ ಹಸಿರು ಬಟ್ಟೆ. ಆರ್ಲೊ ಬಯಲಿನಲ್ಲಿ ಕಾಯುತ್ತಿದ್ದ. ಮುಖಕ್ಕೆ ಕಡುಗೆಂಪು ಬಟ್ಟೆ. ಲವೋನ್ ಪಿಕಪ್ಪಿನ ಒಳಗೆ ಕೂತು ಕಿಟಕಿ ಒಂದಿಷ್ಟು ಇಳಿಸಿದಳು. ಅವಳೇ ರೆಫರಿ, ಅವಳೇ ಪ್ರೇಕ್ಷಕರು.

ಎಪ್ಪತ್ತು ದಾಟಿದ ಇಬ್ಬರು ಮುದುಕರು ಒಬ್ಬರಿಗೊಬ್ಬರು ಎದುರಾಗಿ ಚೆಂಡಾಡಿದರು. ಒಬ್ಬ ಎತ್ತಿಕೊಂಡು ಓಡುವುದು, ಇನ್ನೊಬ್ಬ ಅಂಗಿ ಹಿಡಿದು ಎಳೆಯುವುದು, ಇಬ್ಬರೂ ಕೂತು ಏದುಸಿರು ಬಿಡುವುದು. ಓಡುವುದು ಅಂತ ಹೆಸರಿಗೆ. ಕೊನೆಗೆ ಆರ್ಲೊ ತನ್ನದೇ ಗೆರೆಯ ಹಿಂದೆ ಚೆಂಡು ಹಿಡಿದು ತಿರುಗುವಾಗ ಸಗಣಿಯ ಮೇಲೆ ಕಾಲಿಟ್ಟ. ಜಾರಿದ. ತನ್ನ ಗೆರೆಯ ಹಿಂದೆ ಚೆಂಡಿನ ಸಮೇತ ನೆಲ ಕಂಡರೆ ಎದುರಾಳಿಗೆ ಎರಡು ಅಂಕ. ಆಟ ಎರಡು–ಸೊನ್ನೆಗೆ ಮುಗಿಯಿತು.

ಆರ್ಲೊ ಎದ್ದವನೇ ಜೀನನ ಕೈ ಕುಲುಕಲು ಹೋಗಿ, ಕೈ ಕುಲುಕಬಾರದು ಅಂತ ನೆನಪಾಗಿ, ಬೂಟಿಗೆ ಬೂಟು ತಾಗಿಸಿದ.

ಸಂಜೆ ಕರ್ಟ್ ಫೋನ್ ಮಾಡಿದ. ಊರಿನ ತುಂಬ ಸುದ್ದಿಯಾಗಿತ್ತು, ಆರ್ಲೊನೇ ಹೇಳಿಕೊಂಡು ಬಂದಿದ್ದ.

"ನೋಡಿದವರು ಯಾರೂ ಇರಲಿಲ್ಲ. ಸೋತೆ ಅಂತ ಯಾಕೆ ಡಂಗುರ ಹೊಡೀಬೇಕಿತ್ತು ಅಪ್ಪ? ಈ ಸಲ ಆಡಲಿಲ್ಲ ಅಂದಿದ್ರೆ ಆಗ್ತಿತ್ತು."

ನಾಲ್ಕು ವರ್ಷದಲ್ಲಿ ಮೊದಲ ಸಲ ಮಗನ ಬಾಯಿಂದ ಆಟದ ಮಾತು ಬಂದಿತ್ತು.

"ಆಡಿದ್ದಕ್ಕೆ ಸೋತೆ ಕಣೋ," ಎಂದ ಆರ್ಲೊ. "ನೀನೂ ಬರಬೇಕಿತ್ತು. ನನಗೆ ತಡೆಯೋದಕ್ಕೆ ಒಬ್ಬ ಆಳು ಇರಲಿಲ್ಲ."

ಕರ್ಟ್ ನಾಳೆ ಬೇಗ ಏಳಬೇಕು ಅಂತ ಹೇಳಿ ಫೋನ್ ಇಟ್ಟ. ಮುಂದಿನ ವರ್ಷ ಸಾರು ಮಾಡಿ ಬಡಿಸುವ ಸರದಿ ವಿಟ್‌ಬೆಕ್‌ನದಾಯಿತು. ಆರ್ಲೊ ತಾನೇ ಸೌಟು ಹಿಡಿದು ಬಡಿಸಿದ. ಕರ್ಟ್ ಆಗಲೂ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬರಲಿ ಅನ್ನುವುದು ಅವನ ಲೆಕ್ಕ. ಯಾರೂ ಬೇಡ ಅಂದಿರಲಿಲ್ಲ.

*

ಮಣ್ಣು ಮಾಡಿ ಬಂದು ಊಟಕ್ಕೆ ಕೂತರು. ಆರ್ಡಿಸ್ ಯಾರಿಗೂ ಕಾಣದ ಹಾಗೆ ಸಾರಿಗೆ ಉಪ್ಪು ಹಾಕಿದ್ದಳು. ವೆಂಡೆಲ್‌ನವರು ಸೋತವರ ಕಟ್ಟಳೆಯಂತೆ ನಿಂತೇ ಬಡಿಸಿದರು, ವಿಟ್‌ಬೆಕ್‌ನವರು ಗೆದ್ದವರ ಕಟ್ಟಳೆಯಂತೆ "ಇನ್ನೊಂದು ಸೌಟು, ಬೇಗ ಬೇಗ" ಎಂದು ಕಾಡಿದರು. ಜೀನ್ ಮಲ್ಕಾಹಿ ಬ್ರೆಡ್ಡಿನ ಬುಟ್ಟಿ ಹಿಡಿದು ತಿರುಗುತ್ತಿದ್ದ. ಲವೋನಳ ಮೇಜಿನ ಹತ್ತಿರ ನಿಂತ.

"ಲವೋನ್, ಒಂದು ಮಾತು. ನಿಮ್ಮಲ್ಲಿ ಆಡೋವರನ್ನ ಎಣಿಸಿದೆ. ಹತ್ತು ಜನ ಇದ್ದೀರಿ."

"ಗೊತ್ತು."

"ಹನ್ನೊಂದು ಇಲ್ಲದಿದ್ರೆ ಆಟ ಲೆಕ್ಕಕ್ಕಿಲ್ಲ ಅನ್ನೋದು ಆರ್ಲೊ ಮಾಡಿದ ಕಟ್ಟಳೆ. ಎರಡೂ ಕಡೆ ಸಮ ಇದ್ರೆ ನಡೆಯುತ್ತೆ ಅಂತಾನೂ ಅವನೇ ಆ ಸೋಂಕಿನ ವರ್ಷ ತೋರಿಸಿದ. ನಮ್ಮಲ್ಲಿ ಒಬ್ಬನ್ನ ಕೂರಿಸ್ತೀನಿ. ಹತ್ತಕ್ಕೆ ಹತ್ತು."

ಲವೋನ್ ಚಮಚ ಕೆಳಗಿಟ್ಟಳು.

"ಜೀನ್, ನೀನು ಒಳ್ಳೆಯವನು. ಆದರೆ ವೆಂಡೆಲ್‌ನವರು ಕೊಟ್ಟ ಕರುಣೆ ತಗೊಂಡು ವಿಟ್‌ಬೆಕ್ ಆಡಿತು ಅಂತ ಆಗೋದು ಬೇಡ. ಇಷ್ಟು ವರ್ಷ ನಿಮ್ಮ ಹತ್ತಿರ ಒಂದು ಉಗುರು ಸಾಲ ತಗೊಂಡಿಲ್ಲ."

"ಮತ್ತೆ ಹೇಗೆ?"

"ನಾನು ನಿಲ್ತೀನಿ."

"ನಿಮ್ಮ ಸೊಂಟಕ್ಕೆ ಹೋದ ವರ್ಷ ತಾನೆ ಕಬ್ಬಿಣ ಹಾಕಿರೋದು!" ಎಂದಳು ಆರ್ಡಿಸ್.

"ಕಬ್ಬಿಣ ಇದೆಯಲ್ಲ, ಇನ್ನೇನು. ಡಿಕ್ಕಿ ಹೊಡೆದವರಿಗೇ ನೋವು." ಅವಳು ಬಗ್ಗಿ ಶೂ ದಾರ ಬಿಗಿಯತೊಡಗಿದಳು. ತಮಾಷೆಗಲ್ಲ. ಗಂಟು ಕೂರುತ್ತಿರಲಿಲ್ಲ.

ಕರ್ಟ್ ಎದುರಿಗೇ ಕೂತಿದ್ದ. "ಅಮ್ಮಾ, ಸಾಕು ನಿಲ್ಸು."

"ನೀನು ಊಟ ಮಾಡು."

"ಬಿದ್ದರೆ ಏಳಲ್ಲ ನೀನು. ಈ ವರ್ಷ ತಪ್ಪಿದ್ರೆ ಆಕಾಶ ಬೀಳುತ್ತಾ?"

"ಬೀಳಲ್ಲ. ಏನೂ ಆಗಲ್ಲ. ಸೋಮವಾರ ಎಲ್ಲ ಕೆಲಸಕ್ಕೆ ಹೋಗ್ತಾರೆ. ಮುಂದಿನ ವರ್ಷ ಹೋದ ವರ್ಷಾನೇ ಆಡಲಿಲ್ಲವಲ್ಲ ಅಂತಾರೆ. ಅದಕ್ಕೂ ಮುಂದಿನ ವರ್ಷ ಯಾರೂ ಏನೂ ಅನ್ನಲ್ಲ." ಅವಳು ತಲೆ ಎತ್ತಲಿಲ್ಲ. "ಹಾಗೇ ತಾನೆ ಎಲ್ಲ ಸಾಯೋದು, ಸದ್ದಿಲ್ಲದೆ. ನಿಮ್ಮಪ್ಪನ ದಿನಾನೇ ಅದಾಗೋದು ಬೇಡ."

ಕರ್ಟ್ ಸುತ್ತ ನೋಡಿದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ, ಎಲ್ಲರೂ ತಟ್ಟೆ ನೋಡುತ್ತಿದ್ದರು. ಜೀನ್ ಒಬ್ಬ ಬುಟ್ಟಿ ಹಿಡಿದು ನೆಟ್ಟಗೆ ನೋಡುತ್ತಿದ್ದ.

"ನನ್ನನ್ನ ಸೇರಿಸಿಕೊಳ್ತಾರಾ?" ಎಂದ ಕರ್ಟ್. ದನಿ ಕೆಳಗಿತ್ತು. "ಆ ವೇದಿಕೆ ಮೇಲೆ ಕೂತಿದ್ದವನು ನಾನು."

"ನೀನು ವಿಟ್‌ಬೆಕ್‌ನವನು ತಾನೆ?" ಎಂದ ಜೀನ್. "ಅಷ್ಟು ಸಾಕು ನನಗೆ, ನಿನ್ನನ್ನ ಕೆಡವೋದಕ್ಕೆ. ಬ್ರೆಡ್ ತಗೊಳ್ಳೋ. ಹೊಟ್ಟೆ ತುಂಬ ತಿನ್ನು. ಆಮೇಲೆ ಶಕ್ತಿ ಇರಲಿಲ್ಲ ಅಂತ ನೆವ ಹೇಳ್ಬೇಡ."

*

ಬಯಲಿನಲ್ಲಿ ಹುಲ್ಲು ಕಂದಿ ಮಲಗಿತ್ತು. ನೆಲದ ಮೇಲ್ಪದರ ಮಾತ್ರ ಕರಗಿ ಕೆಸರಾಗಿತ್ತು, ಕೆಳಗೆ ಕಲ್ಲಿನಂಥ ಮಂಜುಗಟ್ಟಿದ ಮಣ್ಣು. ಬೇಲಿಗುಂಟ ಎರಡೂ ಊರಿನವರು ಚರ್ಚಿನ ಬಟ್ಟೆಯಲ್ಲೇ ನಿಂತಿದ್ದರು. ದನಗಳನ್ನು ಮೂಲೆಗೆ ಅಟ್ಟಿದ್ದರು. ಹೊಸ ಪಾದ್ರಿಯ ಕೈಗೆ ಯಾರೋ ಸೀಟಿ ಕೊಟ್ಟಿದ್ದರು; ನಿಯಮ ಗೊತ್ತಿಲ್ಲದವನೇ ನಿಷ್ಪಕ್ಷಪಾತಿ ಎಂದು ಎರಡೂ ಕಡೆ ಒಪ್ಪಿದ್ದರು.

ಕರ್ಟ್ ಕೋಟು ಕಳಚಿ ಬೇಲಿಗೆ ಹಾಕಿದ. ಟೈ ಬಿಚ್ಚಿದ. ವಿಟ್‌ಬೆಕ್‌ನ ಒಂಬತ್ತು ಗಂಡಸರು, ಒಬ್ಬಳು ಹೆಂಗಸು, ಸುಮ್ಮನೆ ಜರುಗಿ ಮುಂದಿನ ಸಾಲಿನಲ್ಲಿ ಒಂದು ಜಾಗ ಬಿಟ್ಟರು. ಬಾ ಅನ್ನಲಿಲ್ಲ. ಅವನು ಹೋಗಿ ನಿಂತ.

ಎದುರು ಸಾಲಿನಲ್ಲಿ ಗೊಂದಲ ಎದ್ದಿತು. ಜೀನ್ ಮಲ್ಕಾಹಿ ತನ್ನ ಕಡೆಯ ಒಬ್ಬ ದಾಂಡಿಗನನ್ನು ಹೊರಗೆ ದಬ್ಬುತ್ತಿದ್ದ.

"ಅಪ್ಪಾ, ಎರಡು ವರ್ಷದಿಂದ ಆಡಿಲ್ಲ ನೀನು!" ಬೇಲಿಯಿಂದ ಬ್ರಿಜಿಟ್ ಕೂಗಿದಳು.

"ಒಂದೇ ಸಲ. ಮೊದಲನೇ ಚೆಂಡು ಒಂದು."

"ಮೂಳೆ ಮುರೀತು ಅಂದ್ರೆ ನಾನು ನೋಡ್ಕೊಳ್ಳಲ್ಲ!"

"ನೋಡ್ಕೋಬೇಡ ಹೋಗು!"

ಅವನು ಬಂದು ಕರ್ಟನ ಎದುರು ನಿಂತ. ಒಂದು ಮಂಡಿ, ಆಮೇಲೆ ಇನ್ನೊಂದು, ನಿಧಾನವಾಗಿ ಬಗ್ಗಿಸಿ ಒಂದು ಕೈ ಕೆಸರಿಗೆ ಊರಿದ. ಉಸಿರು ಹೊಗೆಯಂತೆ ಬರುತ್ತಿತ್ತು. ಕರ್ಟನೂ ಬಗ್ಗಿದ. ಇಬ್ಬರ ಹಣೆಗೂ ನಡುವೆ ಗೇಣು ಜಾಗ.

"ಕಾಲು ಅಗಲಿಸು," ಎಂದ ಜೀನ್ ಮೆಲ್ಲಗೆ. "ಹಾಗೆ ನಿಂತ್ರೆ ನಮ್ಮಜ್ಜಿ ಕೆಡವ್ತಾಳೆ."

ಕರ್ಟ್ ಕಾಲು ಅಗಲಿಸಿದ. "ನಿಮಗೆ ನೋವಾಗುತ್ತೆ."

"ಬಿಟ್ಟುಕೊಟ್ಟು ನೋಡು. ಈಗ ತಾನೆ ಹೂತು ಬಂದಿದ್ದೀನಿ ನಿಮ್ಮಪ್ಪನ್ನ. ಬಿಟ್ಟುಕೊಟ್ರೆ ಹೋಗಿ ಅವನಿಗೆ ಹೇಳ್ತೀನಿ."

ಮೊದಲ ಚೆಂಡು ವಿಟ್‌ಬೆಕ್‌ನದು. ಯಾರೋ ಹಿಂದಿನಿಂದ ಎಣಿಸಿದರು. ಚೆಂಡು ಹಿಂದಿನವರ ಕೈಗೆ ಹಾರಿತು.

ಜೀನ್ ನುಗ್ಗಿದ. ಎಪ್ಪತ್ತೇಳು ವರ್ಷದ ಮೈಯಲ್ಲಿ ಇದ್ದದ್ದನ್ನೆಲ್ಲ ತಲೆಗೆ, ಹೆಗಲಿಗೆ ತಂದುಕೊಂಡು ನುಗ್ಗಿದ. ಕರ್ಟನ ಎದೆಗೆ ಬಿದ್ದ ಪೆಟ್ಟಿಗೆ ಅವನ ಒಳ್ಳೆಯ ಶೂ ಎರಡೂ ಕೆಸರಿನಲ್ಲಿ ಹಿಂದಕ್ಕೆ ಜಾರಿ, ಕೆಳಗಿನ ಗಟ್ಟಿ ನೆಲಕ್ಕೆ ಕಚ್ಚಿ ನಿಂತವು. ಅವನು ತಡೆದ. ಹಲ್ಲು ಕಚ್ಚಿ ತಡೆದ.

ಹಿಂದಿನಿಂದ ವಿಟ್‌ಬೆಕ್‌ನ ಹೆಂಗಸು ಚೆಂಡು ಅವಚಿಕೊಂಡು ಅವರಿಬ್ಬರ ಪಕ್ಕದಿಂದ ಓಡಿದಳು. ಬೇಲಿಯಲ್ಲಿ ಬೊಬ್ಬೆ ಎದ್ದಿತು, ಊಳು ಎದ್ದಿತು. ಹಸಿರು, ಕಡುಗೆಂಪು, ಎಲ್ಲರೂ ಅವಳ ಹಿಂದೆ ಓಡಿದರು. ದೂರದಲ್ಲಿ ಅವಳನ್ನು ಕೆಡವಿದರು, ಅವಳ ಮೇಲೆ ನಾಲ್ಕು ಜನ ಬಿದ್ದರು. ಪಾದ್ರಿ ಸೀಟಿ ಊದಿದ. ಯಾರಿಗೂ ಕೇಳಿಸಲಿಲ್ಲ ಅಂತ ಇನ್ನೊಮ್ಮೆ ಊದಿದ. ಜನ ಎದ್ದು ಕೆಸರು ಝಾಡಿಸಿಕೊಂಡು ಹಿಂದೆ ತಿರುಗಿ ನೋಡಿದರು.

ಬಯಲಿನ ನಡುವೆ ಇಬ್ಬರು ಇನ್ನೂ ಹಾಗೇ ಇದ್ದರು. ಹೆಗಲಿಗೆ ಹೆಗಲು ಕೊಟ್ಟು, ತಲೆ ತಗ್ಗಿಸಿ, ಒಬ್ಬರ ಭಾರ ಇನ್ನೊಬ್ಬರ ಮೇಲೆ ಹಾಕಿ, ಒಬ್ಬ ಸರಿದರೆ ಇನ್ನೊಬ್ಬ ಮುಗ್ಗರಿಸುವ ಹಾಗೆ. ಕರ್ಟನ ಬೆನ್ನು ಒಂದೇ ಸಮನೆ ಕುಲುಕುತ್ತಿತ್ತು. ಮುದುಕ ಒಂದು ಹೆಜ್ಜೆ ಮುಂದೆ ಒತ್ತಿದ. ಕರ್ಟ್ ಅವನನ್ನು ಒಂದು ಹೆಜ್ಜೆ ಹಿಂದಕ್ಕೆ ಒತ್ತಿದ. ಪಾದ್ರಿ ಮೂರನೆಯ ಸಲ ಸೀಟಿ ಬಾಯಿಗಿಟ್ಟಾಗ ಬೇಲಿಯ ಹತ್ತಿರದಿಂದ ಲವೋನ್ ಕೋಲೆತ್ತಿ ಬೇಡ ಅಂದಳು.